ಎಡಗೈ ಬಾಚಿ

ನನ್ನ ಮನೆಯ ಪುಸ್ತಕದ ಬೀರುವಿನಲ್ಲಿ, ನಿಘಂಟುಗಳ ಸಾಲಿಗೆ ಒರಗಿಕೊಂಡು ಒಂದು ಬಾಚಿ ಇತ್ತು. ಇತ್ತು ಅಂದೆ, ಈಗ ಅಲ್ಲಿಲ್ಲ. ಯಾಕಿಲ್ಲ ಎಂದು ಹೇಳುವುದಕ್ಕೇ ಇಷ್ಟು ಬರೆಯಲು ಕೂತಿದ್ದೇನೆ. ಸ್ವಲ್ಪ ಸುತ್ತಿ ಬಳಸಿ ಹೇಳಿದರೆ ಬೇಜಾರು ಮಾಡಿಕೊಳ್ಳಬೇಡಿ. ಇಡೀ ಆಯುಷ್ಯ ಕನ್ನಡ ಪಾಠ ಮಾಡಿದವಳಿಗೆ ಗಂಟೆ ಹೊಡೆಯುವವರೆಗೂ ವಿಷಯಕ್ಕೆ ಬಾರದಿರುವ ಅಭ್ಯಾಸ ಅಂಟಿಬಿಟ್ಟಿರುತ್ತದೆ.

ಬಾಚಿ ಗೊತ್ತಲ್ಲ? ಬಡಗಿಗಳ ಹತಾರ. ಕೊಡಲಿಯಲ್ಲಿ ಅಲಗು ಕಾವಿನ, ಅಂದರೆ ಮರದ ಹಿಡಿಯ, ನೇರಕ್ಕೆ ಇರುತ್ತದೆ, ಇದರಲ್ಲಿ ಅಡ್ಡಕ್ಕೆ, ಗುದ್ದಲಿಯ ಹಾಗೆ. ಆದರೆ ಗುದ್ದಲಿಗಿಂತ ಬಹಳ ಚಿಕ್ಕದು. ಒಂದು ಕೈಯಲ್ಲಿ ಮರ ಹಿಡಿದುಕೊಂಡು ಇನ್ನೊಂದು ಕೈಯಲ್ಲಿ ಕೆತ್ತುತ್ತಾ ಹೋಗಬೇಕು. ನೇಗಿಲು, ನೊಗ, ಮಂಚದ ಕಾಲು, ಮನೆಯ ಹೊಸಿಲು, ಯಾವುದೇ ಆಗಲಿ, ಮೊದಲ ಏಟು ಬಾಚಿಯದು. ಉಳಿ, ಕೊಡತಿ ಎಲ್ಲ ಆಮೇಲೆ ಬರುತ್ತವೆ. ಕೊಳ್ಳೇಗಾಲದ ನಮ್ಮ ಮನೆಗೆ ಬಂದವರು ಅದನ್ನು ನೋಡಿ, "ತೆಂಗಿನಕಾಯಿ ಸುಲಿಯೋದಾ ಮೇಡಂ?" ಎಂದು ಕೇಳುತ್ತಿದ್ದರು. ರೇಷ್ಮೆ ಸೀರೆ ಅಂಗಡಿಯಲ್ಲಿ ಕೆಲಸ ಮಾಡುವ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು, "ಆಂಟಿಕ್ ಪೀಸು ಮೇಡಂ, ಶೋಕೇಸಿಗೆ ಒಪ್ಪುತ್ತೆ" ಅಂದಳು. ನಾನು ಬೀಗಿದೆ. ಪುಸ್ತಕದ ಬೀರುವಿಗೆ ಪಾಲಿಶ್ ಹೊಡೆಯಲು ಬಂದವನು ಡಬ್ಬಿಯಲ್ಲಿ ಉಳಿದ ವಾರ್ನಿಶನ್ನು ಇದರ ಕಾವಿಗೂ ಬಳಿದು ಹೋದಾಗಲಂತೂ ಅದರ ಹೊಳಪು ನೋಡಿ ಎರಡು ದಿನ ಸಂತೋಷಪಟ್ಟೆ. ಈ ವಾರ್ನಿಶಿನ ವಿಷಯ ನೆನಪಿನಲ್ಲಿಟ್ಟುಕೊಳ್ಳಿ, ಮುಂದೆ ನನ್ನ ಮಾನ ಕಳೆಯುವುದು ಅದೇ.

ಅದು ನಮ್ಮ ಅಪ್ಪನ ಬಾಚಿ. ನಮ್ಮದು ಕೌದಳ್ಳಿಯ ಆಚಾರಿಗಳ ಮನೆ. ಹನೂರಿನಿಂದ ಮಾದಪ್ಪನ ಬೆಟ್ಟಕ್ಕೆ ಹೋಗುವ ರಸ್ತೆಗೆ ಮುಖ ಮಾಡಿಕೊಂಡು ಮನೆ, ಮನೆಯ ಮಗ್ಗುಲಿಗೆ ಹುಣಸೆಮರ, ಮರದ ಕೆಳಗೆ ಕೆಲಸದ ಚಪ್ಪರ. ಚಪ್ಪರದಲ್ಲಿ ಅಪ್ಪ ಮತ್ತು ಅಪ್ಪನ ತಮ್ಮ ಸಿದ್ದಾಚಾರಿ, ಅಂದರೆ ನನ್ನ ಚಿಕ್ಕಪ್ಪ, ಎದುರುಬದುರು ಕೂತು ಕೆಲಸ ಮಾಡುತ್ತಿದ್ದರು. ಎದುರುಬದುರು ಯಾಕೆಂದರೆ ಅಪ್ಪ ಎಡಚ. ಪಕ್ಕಪಕ್ಕ ಕೂತರೆ ಒಬ್ಬನ ಎಡಗೈ ಇನ್ನೊಬ್ಬನ ಬಲಗೈಗೆ ತಾಗುತ್ತಿತ್ತು. ಎದುರು ಕೂತಾಗ ಇಬ್ಬರ ಬಾಚಿಗಳೂ ಒಂದೇ ಕಡೆ ಏಳುತ್ತಿದ್ದವು, ಒಂದೇ ಕಡೆ ಇಳಿಯುತ್ತಿದ್ದವು, ಚಕ್ಕೆಯೆಲ್ಲ ಒಂದೇ ಮಗ್ಗುಲಿಗೆ ಹಾರಿ ಗುಡ್ಡೆಯಾಗುತ್ತಿತ್ತು. ಆ ಗುಡ್ಡೆ ನನ್ನದು. ಮನೆಯ ಹೆಣ್ಣುಮಕ್ಕಳು ಹತಾರ ಮುಟ್ಟಬಾರದು, ದಾಟಬಾರದು ಎನ್ನುವುದು ಚಪ್ಪರದ ಕಾನೂನು. ಮರ ಹಿಡಿದುಕೊಳ್ಳುವುದಕ್ಕೂ ನಮ್ಮನ್ನು ಕರೆಯುತ್ತಿರಲಿಲ್ಲ. ಸ್ಕೂಲಿನಿಂದ ಬಂದ ಕೂಡಲೇ ನೀರೊಲೆಗೆ ಚಕ್ಕೆ ತುಂಬಿಕೊಂಡು ಹೋಗುವುದಷ್ಟೇ ನನ್ನ ಪಾಲಿನ ಮರಗೆಲಸ.

"ಬಾಚ್ಕ ಕೂಸೇ, ಬೇಗ್ನೆ ಬಾಚ್ಕ. ಇನ್ನೊಂದ್ ಗುಡ್ಡೆ ಬೀಳ್ತದೆ" ಎಂದು ಚಿಕ್ಕಪ್ಪ ಕೂಗುತ್ತಿದ್ದ. ನಾನು ಎರಡೂ ಕೈಯಲ್ಲಿ ಬಾಚುತ್ತಿದ್ದೆ. ಹೊನ್ನೆಮರದ ಚಕ್ಕೆಯಾದರೆ ಅಂಗೈಯೆಲ್ಲ ಕೆಂಪಗಾಗುತ್ತಿತ್ತು, ಬೇವಾದರೆ ಊಟ ಮಾಡುವಾಗಲೂ ಬೆರಳು ಕಹಿ. ನನ್ನನ್ನು ಹೆಸರು ಹಿಡಿದು ಕರೆದವನಲ್ಲ ಚಿಕ್ಕಪ್ಪ. ನನಗೆ ಮದುವೆಯಾಗಿ, ಕೆಲಸ ಸಿಕ್ಕಿ, ತಲೆ ನರೆತ ಮೇಲೂ ಕೂಸೇ ಎಂದೇ ಕರೆಯುತ್ತಿದ್ದ. ಕಾಲೇಜಿನ ಬಾಗಿಲಲ್ಲಿ, ನನ್ನ ಹುಡುಗರ ಎದುರಿಗೇ ಹಾಗೆ ಕೂಗಿದಾಗ ನನಗೆ ನಾಚಿಕೆಯಾಗಿದ್ದೂ ಉಂಟು. ಆ ನಾಚಿಕೆಯನ್ನು ನೆನೆದರೆ ಈಗ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಅಪ್ಪ ಮಾತು ಕಡಿಮೆ. ಅವನ ಪಾಲಿನದನ್ನೂ ಸೇರಿಸಿ ಚಿಕ್ಕಪ್ಪನೇ ಆಡುತ್ತಿದ್ದ. ಮಧುವನಹಳ್ಳಿಯಲ್ಲಿ ಒಂದು ಮನೆಗೆ ಹೊಸಿಲು ಕೂರಿಸಲು ಹೋದಾಗ ಆ ಮನೆಯ ಯಜಮಾನ, "ಎಡಗೈನಲ್ಲಿ ವಸ್ಲು ಮುಟ್ಟುಸ್ಬ್ಯಾಡಿ ಕಣ್ರಿ, ಒಳ್ಳೇದಲ್ಲ" ಅಂದನಂತೆ. ಅಪ್ಪ ಸುಮ್ಮನೆ ಬಾಚಿ ಕೆಳಗಿಟ್ಟ. ಚಿಕ್ಕಪ್ಪ ಎದ್ದು ನಿಂತು, "ಮೊದ್ಲೇಟು ನಾನಾಕ್ತೀನಿ, ನೀವು ಒಳಿಕ್ಕೋಗಿ ಕಾಪಿ ಕಾಯ್ಸಿ" ಎಂದು ಯಜಮಾನನನ್ನು ಒಳಗೆ ಕಳಿಸಿ, ಒಂದೇ ಒಂದು ಏಟು ಹಾಕಿ, ಮಿಕ್ಕಿದ್ದನ್ನೆಲ್ಲ ಅಪ್ಪನ ಕೈಯಲ್ಲೇ ಮಾಡಿಸಿದನಂತೆ. ಆ ಮನೆ ಇವತ್ತಿಗೂ ಇದೆ. ಹೊಸಿಲೂ ಗಟ್ಟಿಯಾಗಿದೆ, ಯಜಮಾನನ ಮೊಮ್ಮಕ್ಕಳೂ ಚೆನ್ನಾಗಿದ್ದಾರೆ.

ಅಪ್ಪ ತೀರಿಕೊಂಡ ಮೇಲೆ ಅವನ ಹತಾರವೆಲ್ಲ ಚಿಕ್ಕಪ್ಪನಿಗೆ ಸೇರಿದವು, ಬಾಚಿಯೊಂದನ್ನು ಬಿಟ್ಟು. ನಮ್ಮ ಮನೆಯಲ್ಲಿ ಒಂದು ಪದ್ಧತಿಯಿತ್ತು. ಬಾಚಿಯ ಅಲಗು ಮನೆಯ ಆಸ್ತಿ, ತಾತನಿಂದ ಮೊಮ್ಮಗನವರೆಗೂ ಬರುತ್ತದೆ. ಕಾವು ಮಾತ್ರ ಒಬ್ಬನದೇ. ಅವನ ಕೈಯ ಅಳತೆಗೆ ಕೆತ್ತಿದ್ದು, ಅವನ ಹೆಬ್ಬೆರಳು ಕೂತು ಕೂತು ತಗ್ಗು ಬಿದ್ದದ್ದು. ಅವನು ಹೋದ ಮೇಲೆ ಆ ಕಾವನ್ನು ತೆಗೆದು ನೀರೊಲೆಗೆ ಹಾಕಬೇಕು, ಮುಂದಿನವನು ತನ್ನ ಕೈಗೆ ತಕ್ಕ ಹೊಸ ಕಾವು ಹಾಕಿಕೊಳ್ಳಬೇಕು. ಅಪ್ಪನ ಕಾವಿನಲ್ಲಿ ಹೆಬ್ಬೆರಳಿನ ತಗ್ಗು ಎಡಗೈಗೆ ಹೊಂದುವ ಕಡೆಗಿತ್ತು. ಹನ್ನೊಂದನೆಯ ದಿನದ ಕೆಲಸ ಮುಗಿದ ಮೇಲೆ ಚಿಕ್ಕಪ್ಪ ಅದನ್ನು ಕೈಗೆ ತೆಗೆದುಕೊಂಡು ಚಪ್ಪರದಲ್ಲಿ ಕೂತ. ಕಾವು ಬಡಿದು ತೆಗೆಯಲು ಕೊಡತಿಯನ್ನೂ ಪಕ್ಕಕ್ಕೆ ಇಟ್ಟುಕೊಂಡಿದ್ದ. ಬಹಳ ಹೊತ್ತಾದ ಮೇಲೆ ನನ್ನನ್ನು ಕರೆದ.

"ನನ್ ಕೈಲಾಗಕ್ಕಿಲ್ಲ ಕಣ್ ಕೂಸೇ. ಈ ಕಾವು ತಗುದ್ರೆ ಅಣ್ಣನ್ ಕೈನೇ ಕಿತ್ತಂಗಾಯ್ತದೆ. ಇಂಗೇ ಮಡಿಕ್ಕಳವು ಅಂದ್ರೆ ನಂಗೆ ಎಡಗೈ ಬರಕ್ಕಿಲ್ಲ. ನೀನೇ ತಕಂಡೋಗು."

"ಹೆಣ್ಣುಮಕ್ಳು ಮುಟ್ಟಬಾರದು ಅಂತಿದ್ರಿ?" ಅಂದೆ.

"ಮುಟ್ಬುಟ್ಟು ಏನ್ ಕೆತ್ತೀಯ ನೀನು? ಪುಸ್ತಕದ್ ಪಕ್ಕ ಮಡಿಕ್ಕ" ಎಂದು ನಕ್ಕ, ಮೂಗು ಒರೆಸಿಕೊಂಡ. ಹಾಗೆ ಅದು ಕೊಳ್ಳೇಗಾಲಕ್ಕೆ ಬಂತು.

ಇನ್ನು ನನ್ನ ತಪ್ಪಿನ ವಿಷಯ. ಮುಂದೂಡುತ್ತಾ ಬಂದೆ, ಹೇಳಲೇಬೇಕು. ಆರೇಳು ವರ್ಷದ ಹಿಂದೆ, ನಾನಿನ್ನೂ ಕೆಲಸದಲ್ಲಿದ್ದಾಗ, ನಮ್ಮ ಕಾಲೇಜಿನಲ್ಲಿ ಹಳ್ಳಿಯ ಕಸುಬಿನ ಪದಗಳ ಮೇಲೆ ಒಂದು ವಿಚಾರ ಸಂಕಿರಣ ಮಾಡಿದೆವು. ಎಲ್ಲ ನನ್ನದೇ ಓಡಾಟ. ಚಿಕ್ಕಪ್ಪನನ್ನು ಅತಿಥಿಯಾಗಿ ಕರೆಸಿದ್ದೆ. ಕೌದಳ್ಳಿಯಿಂದ ಮೊದಲ ಬಸ್ಸಿಗೇ ಬಂದಿದ್ದ. ಇಸ್ತ್ರಿ ಮಾಡಿದ ಬಿಳೀ ಶರಟು, ಗೋಣಿಚೀಲದಲ್ಲಿ ಹತಾರ. ವೇದಿಕೆಯ ಮೇಲೆ ಒಂದೊಂದನ್ನೇ ಎತ್ತಿ ತೋರಿಸಿ ಹೆಸರು ಹೇಳಿದ. ಹುಡುಗರಿಗೆ ಖುಷಿಯೋ ಖುಷಿ. ಆಗ ಮುಂದಿನ ಸಾಲಿನ ಒಬ್ಬ ಹುಡುಗಿ ಎದ್ದು, "ತಾತ, ಬಾಚಿ ಅನ್ನೋ ಹೆಸರು ಎಲ್ಲಿಂದ ಬಂತು?" ಎಂದು ಕೇಳಿದಳು.

"ನಮ್ಮವ್ವ ಇದ್ನ ವಾಚಿ ಅನ್ನೋಳು ಕಣವ್ವ" ಅಂದ ಚಿಕ್ಕಪ್ಪ. "ಅವ್ಳು ಗಟ್ಟದ್ ಕೆಳಗ್ನೋಳು, ಪಾಲಾರ್ ಆಚೆಯವ್ಳು, ತಮಿಳ್ ಮಾತಾಡೋಳು. ನಮ್ ಕೆಲ್ಸನೂ ಅಲ್ಲಿಂದ್ಲೇ ಬಂದದ್ದು, ಎಸ್ರೂ ಅಲ್ಲಿಂದ್ಲೇ ಬಂದದ್ದು."

ನನಗೆ ಅದನ್ನು ಸಹಿಸಲಾಗಲಿಲ್ಲ. ಯಾಕೆ ಸಹಿಸಲಾಗಲಿಲ್ಲ ಎಂದರೆ, ಬಾಚಿ ಅನ್ನುವ ಹೆಸರಿಗೆ ನನ್ನದೇ ಒಂದು ಮೂಲವಿತ್ತು. ಬಾಚು ಅನ್ನುವ ಕ್ರಿಯಾಪದ. ಬಾಚುವುದು ಬಾಚಿ, ಬಾಚುವುದು ಬಾಚಣಿಗೆ. ಅಪ್ಪ ಬಾಚಿಯಲ್ಲಿ ಕೆತ್ತುತ್ತಿದ್ದ, ನಾನು ಚಕ್ಕೆ ಬಾಚುತ್ತಿದ್ದೆ, ಅವನ ಕೆಲಸಕ್ಕೂ ನನ್ನ ಕೆಲಸಕ್ಕೂ ಒಂದೇ ಬೇರು ಎಂದು ಎಷ್ಟೋ ವರ್ಷದಿಂದ ನಂಬಿಕೊಂಡು, ಅದನ್ನೇ ತರಗತಿಯಲ್ಲೂ ಹೇಳಿಕೊಂಡು ಬಂದಿದ್ದೆ. ಚಪ್ಪರದೊಳಗೆ ನನಗೆ ಸಿಕ್ಕದ ಜಾಗವನ್ನು ಹೀಗೆ ವ್ಯಾಕರಣದ ಬಾಗಿಲಿನಿಂದ ಸಂಪಾದಿಸಿಕೊಂಡಿದ್ದೆ ಅಂತ ಕಾಣುತ್ತದೆ. ಅದನ್ನು ಚಿಕ್ಕಪ್ಪ ಒಂದೇ ಮಾತಿನಲ್ಲಿ ಅಳಿಸಿ ಹಾಕಿದಂತಾಯಿತು. ಎದ್ದು ಹೋಗಿ ಮೈಕು ತೆಗೆದುಕೊಂಡೆ.

"ನಮ್ಮ ಹಿರಿಯರು ಪ್ರೀತಿಯಿಂದ ಹೇಳಿದ್ದಾರೆ. ಆದರೆ ಅಜ್ಜಿಯಂದಿರ ಮಾತು ಕೇಳಿಕೊಂಡು ಭಾಷಾಶಾಸ್ತ್ರ ನಡೆಯುವುದಿಲ್ಲ" ಅಂದೆ. ಸಭೆ ನಕ್ಕಿತು. ನಗು ಬಿದ್ದರೆ ಮೇಷ್ಟರುಗಳಿಗೆ ಇನ್ನೂ ಹುಮ್ಮಸ್ಸು. ಬಾಚು ಧಾತು, ಅದರ ರೂಪಗಳು, ಬಾಚಣಿಗೆ, ಎಲ್ಲವನ್ನೂ ಹತ್ತು ನಿಮಿಷ ವಿವರಿಸಿದೆ. ಚಪ್ಪಾಳೆಯಾಯಿತು. ತಿರುಗಿ ನೋಡಿದರೆ ಚಿಕ್ಕಪ್ಪ ಹತಾರಗಳನ್ನು ಒಂದೊಂದಾಗಿ ಗೋಣಿಚೀಲಕ್ಕೆ ಹಾಕಿಕೊಳ್ಳುತ್ತಿದ್ದ.

ಬಾಗಿಲ ಹತ್ತಿರ ಹೋಗಿ, "ಊಟ ಮಾಡ್ಕೊಂಡು ಹೋಗು ಚಿಕ್ಕಪ್ಪ, ಪಾಯಸ ಮಾಡಿಸಿದ್ದೀವಿ" ಅಂದೆ.

"ಬಸ್ಸದೆ ಮೇಡಂ. ಓಯ್ತೀನಿ" ಅಂದ.

ಅವನ ಬಾಯಲ್ಲಿ ಮೇಡಂ ಎಂಬ ಮಾತನ್ನು ಅವತ್ತೇ ಮೊದಲು ಕೇಳಿದ್ದು. ಕೋಪದಲ್ಲಿ ಅಂದಿದ್ದಾನೆ, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡೆ. ಇಳಿಯಲಿಲ್ಲ. ಹಬ್ಬಕ್ಕೆ ಹೋದರೆ "ಬನ್ನಿ ಮೇಡಂ", ಹೊರಟರೆ "ಓಗ್ಬುಟ್ ಬನ್ನಿ ಮೇಡಂ". ನೀನು ಅನ್ನುತ್ತಿದ್ದವನು ನೀವು ಅಂದ. ಮರ್ಯಾದೆ ಹೆಚ್ಚು ಕೊಟ್ಟು ಹೀಗೂ ಶಿಕ್ಷೆ ಮಾಡಬಹುದೆಂದು ನನಗೆ ಗೊತ್ತಿರಲಿಲ್ಲ.

ಇಷ್ಟೇ ಆಗಿದ್ದರೆ ಬುದ್ಧಿಯಿಲ್ಲದೆ ಆಡಿದ ಮಾತು ಎಂದು ಕೈ ತೊಳೆದುಕೊಳ್ಳಬಹುದಿತ್ತು. ಆದರೆ ಸಂಕಿರಣ ಮುಗಿದ ಮರುವಾರವೇ, ನನ್ನ ಭಾಷಣವನ್ನು ಅಚ್ಚಿಗೆ ಕೊಡಬೇಕೆಂದು ದೊಡ್ಡ ನಿಘಂಟುಗಳನ್ನು ತೆರೆದು ಕೂತೆ. ತಮಿಳಿನಲ್ಲಿ ಬಾಚಿಗೆ ವಾಯ್ಚ್ಚಿ ಎಂದಿತ್ತು. ಅವರು ವ ಅನ್ನುವ ಎಷ್ಟೋ ಕಡೆ ನಾವು ಬ ಅನ್ನುತ್ತೇವೆ. ಅವರ ವಾ ನಮ್ಮ ಬಾ, ಅವರ ವಾಯ್ ನಮ್ಮ ಬಾಯಿ, ಅವರ ವೇರ್ ನಮ್ಮ ಬೇರು. ಇನ್ನೂ ಹಿಂದಕ್ಕೆ ಹೋದರೆ ಸಂಸ್ಕೃತದಲ್ಲಿ ವಾಶೀ, ಪಾಳಿಯಲ್ಲಿ ವಾಸಿ, ಅದೇ ಬಡಗಿಯ ಅದೇ ಹತಾರ. ಯಾರು ಯಾರಿಂದ ತೆಗೆದುಕೊಂಡರೋ, ಎಷ್ಟು ಊರು ದಾಟಿ, ಎಷ್ಟು ಜನರ ಹೆಗಲ ಮೇಲೆ ಆ ಹೆಸರು ನಮ್ಮ ಚಪ್ಪರಕ್ಕೆ ಬಂತೋ, ಬಲ್ಲವರು ಹೇಳಲಿ. ನನ್ನ ಬಾಚು ಮಾತ್ರ ಅಲ್ಲಿ ಎಲ್ಲೂ ಇರಲಿಲ್ಲ. ಪಾಲಾರ್ ಆಚೆಯಿಂದ ಬಂದ, ಒಂದಕ್ಷರ ಓದದ ನಮ್ಮಜ್ಜಿ ಇದ್ದಳು.

ನಿಘಂಟು ಮುಚ್ಚಿದೆ. ಆ ಭಾನುವಾರವೇ ಕೌದಳ್ಳಿ ಬಸ್ಸು ಹತ್ತಿ, "ಚಿಕ್ಕಪ್ಪ, ನೀನು ಹೇಳಿದ್ದೇ ಸರಿ" ಎಂದು ಬರಬಹುದಿತ್ತು. ಹತ್ತಲಿಲ್ಲ. ಪೇಪರ್ ತಿದ್ದುವುದಿತ್ತು. ಆಮೇಲೆ ಯಾರದೋ ಮದುವೆಯಿತ್ತು. ಆಮೇಲೆ ಮಂಡಿನೋವು ಬಂತು. ಭಾಷಣ ಅಚ್ಚಿಗೆ ಕೊಡದೆ ಸುಮ್ಮನಾದೆ, ಅದೇ ದೊಡ್ಡ ಪ್ರಾಮಾಣಿಕತೆ ಅಂದುಕೊಂಡೆ. ಊರಿನ ಅಂಗಡಿ ಬೋರ್ಡು, ಲಗ್ನಪತ್ರಿಕೆ, ಎಲ್ಲದರಲ್ಲೂ ತಪ್ಪು ಹುಡುಕಿ ತಿದ್ದುವ ಹೆಂಗಸು ನಾನು. ನನ್ನದೊಂದು ತಪ್ಪು ತಿದ್ದಿಕೊಳ್ಳಲು ಒಂದು ಬಸ್ ಟಿಕೆಟ್ ತೆಗೆದುಕೊಳ್ಳಲಾಗಲಿಲ್ಲ.

ಹೋದ ವರ್ಷ ಚಿಕ್ಕಪ್ಪನಿಗೆ ಲಕ್ವ ಹೊಡೆಯಿತು. ಶಾಗ್ಯದಲ್ಲಿ ಯಾರ ಮನೆಗೋ ಬಾಗಿಲು ಕೂರಿಸುತ್ತಿದ್ದವನು ಹಾಗೆಯೇ ಕುಸಿದನಂತೆ. ಬಲಗೈ, ಬಲಗಾಲು ಬಿದ್ದವು, ಮಾತೂ ಬಿತ್ತು. ಅವನ ಮಗಳು ಭಾಗ್ಯ ಯಳಂದೂರಿನ ತನ್ನ ಮನೆಗೆ ಕರೆದುಕೊಂಡು ಬಂದಳು. ತನ್ನಪ್ಪನಿಗೆ ಬೇರೆ ಕಡೆ ನಿದ್ದೆ ಹತ್ತದು ಎಂದು ಅವನೇ ಮಾಡಿದ ಹಳೇ ಮಂಚವನ್ನೂ ಗೂಡ್ಸ್ ಆಟೋದಲ್ಲಿ ಹಾಕಿಸಿಕೊಂಡು ಬಂದಿದ್ದಳು. ನಾನು ಆಸ್ಪತ್ರೆಗೂ ಹೋಗಿ ನೋಡಿದ್ದೆ, ಮನೆಗೂ ಹೋಗಿ ನೋಡಿದ್ದೆ. ಅವನು ನನ್ನ ಮುಖ ನೋಡಿದ, ಅಷ್ಟೇ. ಮೇಡಂ ಅನ್ನುವುದಕ್ಕೂ ಮಾತಿರಲಿಲ್ಲ. ಕೂಸೇ ಅನ್ನಿಸಿಕೊಳ್ಳುವುದು ಇನ್ನು ಈ ಜನ್ಮದಲ್ಲಿ ಇಲ್ಲ ಎಂದು ಬಸ್ಸಿನಲ್ಲಿ ಕೂತು ಅತ್ತೆ.

ಮೂರು ತಿಂಗಳ ಹಿಂದೆ, ಕಸುಬಿನ ಪದಗಳ ಕೋಶ ಮಾಡುತ್ತಿರುವ ಗೆಳತಿಯೊಬ್ಬಳು ಮರಗೆಲಸದ ಪದಗಳನ್ನು ಬರೆದುಕೊಡು ಎಂದು ಕಾರ್ಡುಗಳನ್ನು ಕಳಿಸಿದಳು. ಪದ, ಅರ್ಥ, ಮೂಲ, ಹೇಳಿದವರ ಹೆಸರು. ಉಳಿ, ಕೊಡತಿ, ಗರಗಸ, ಬೈರಿಗೆ, ಎಲ್ಲ ಬರೆದೆ. ಬಾಚಿಯ ಕಾರ್ಡು ಮಾತ್ರ ಹಾಗೇ ಉಳಿಯಿತು. ಅದೇ ವಾರ ಭಾಗ್ಯ ಫೋನು ಮಾಡಿದಳು. "ಅಕ್ಕ, ಡಾಕ್ಟ್ರು ಏಳವ್ರೆ, ಗೊತ್ತಿರೋ ಸಾಮಾನ್ ತೋರ್ಸಿ ಎಸ್ರು ಕೇಳ್ತಿರಿ ಅಂತ. ಲೋಟ ತೋರ್ಸುದೆ, ಬೀಗದಕೈ ತೋರ್ಸುದೆ, ಏನೂ ಇಲ್ಲ. ನಿನ್ತಾವು ದೊಡ್ಡಪ್ಪನ್ ಬಾಚಿ ಅದಲ್ವ? ತಕಂಡ್ ಬಾರಕ್ಕ."

ಬಾಚಿಯನ್ನು ಟವೆಲಿನಲ್ಲಿ ಸುತ್ತಿ ಕೈಚೀಲದಲ್ಲಿಟ್ಟುಕೊಂಡು ಯಳಂದೂರು ಬಸ್ಸು ಹತ್ತಿದೆ. ಚೀಲದಿಂದ ಅಲಗು ಇಣುಕುತ್ತಿತ್ತು. ಕಂಡಕ್ಟರ್, "ಏನ್ ಮೇಡಂ, ಯಾರ್ ಮೇಲೆ?" ಅಂದ. "ನನ್ನ ಮೇಲೇ ಕಣಪ್ಪ" ಅಂದೆ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡೆ.

ಚಿಕ್ಕಪ್ಪ ಮಂಚದ ಮೇಲೆ ದಿಂಬಿಗೆ ಒರಗಿ ಕೂತಿದ್ದ. ಎಡಗೈಯಲ್ಲಿ ಮಂಚದ ಪಟ್ಟಿಯನ್ನು ದಪದಪ ಬಡಿಯುತ್ತಿದ್ದ. "ದಿನಾ ಇಂಗೇ ಕಣಕ್ಕ" ಅಂದಳು ಭಾಗ್ಯ. "ನೀರ್ ಬೇಕೇನೋ ಅಂತ ಕೊಡ್ತೀನಿ, ಬಚ್ಚಲ್ಗೇನೋ ಅಂತ ಎಬ್ಬುಸ್ತೀನಿ. ಅದೂ ಅಲ್ಲ, ಇದೂ ಅಲ್ಲ. ಕ್ವಾಪ ಏನೋ."

ನಾನು ಟವೆಲು ಬಿಚ್ಚಿ, ಬಾಚಿಯನ್ನು ಅವನ ಕಣ್ಣೆದುರು ಹಿಡಿದು, ಬಾಯಿಪಾಠವೆಲ್ಲ ಮರೆತು, ಸ್ಪಷ್ಟವಾದ ಪಾಠದ ದನಿಯಲ್ಲಿ ಕೇಳಿದೆ: "ಚಿಕ್ಕಪ್ಪ, ಇದರ ಹೆಸರೇನು? ಹೇಳು?"

ಅವನು ಗೋಡೆಯ ಕಡೆಗೆ ಮುಖ ತಿರುಗಿಸಿದ. ಭಾಗ್ಯ ನನ್ನ ತೋಳು ಹಿಡಿದು, "ಪರೀಕ್ಸೆ ಮಾಡ್ಬ್ಯಾಡಕ್ಕ" ಅಂದಳು. ಆರೇಳು ವರ್ಷದ ಹಿಂದೆ ಮೈಕಿನ ಮುಂದೆ ಮಾಡಿದ್ದನ್ನೇ ಈಗ ಮಂಚದ ಮುಂದೆ ಮಾಡಿದ್ದೆ. ಬಾಚಿಯನ್ನು ಅವನ ತೊಡೆಯ ಮೇಲಿಟ್ಟು ಗೋಡೆಗೆ ಒರಗಿ ಕೂತುಬಿಟ್ಟೆ.

ಭಾಗ್ಯ ಕಾಫಿ ತಂದುಕೊಟ್ಟಳು. ಕಾಫಿ ಆರುತ್ತಿದ್ದಾಗ ಚಿಕ್ಕಪ್ಪನ ಎಡಗೈ ನಿಧಾನವಾಗಿ ಬಾಚಿಯ ಮೇಲೆ ಬಂತು. ಹೆಬ್ಬೆರಳಿನಿಂದ ಅಲಗು ಸವರಿದ. ಆಮೇಲೆ ಕಾವು ಮುಟ್ಟಿದ. ಮುಟ್ಟಿದವನೇ ಕೈ ಹಿಂದಕ್ಕೆ ಎಳೆದುಕೊಂಡ. ಉಗುರಿನಿಂದ ಕೆರೆದ, ಇನ್ನೊಮ್ಮೆ ಕೆರೆದ, ಗಂಟಲಿನಿಂದ ಒಂದು ಸದ್ದು ಮಾಡಿದ.

ಭಾಗ್ಯ ಬಗ್ಗಿ ನೋಡಿದಳು. "ಯಾರ್ ಬಳ್ದೋರು ಇದ್ಕೆ ವಾರ್ನೀಸ್ನ?"

"ಪಾಲಿಶ್ ಹೊಡೆಯೋನು ಬಳಿದ, ನಾನು ಬೇಡ ಅನ್ನಲಿಲ್ಲ" ಅಂದೆ.

"ಅಯ್ಯೋ, ಕಾವಿಗ್ ಬಣ್ಣ ಬಳ್ದ್ರೆ ಕೈಲಿ ಜಾರ್ತದೆ ಕಣಕ್ಕ. ಆಚಾರಿ ಮನೇಲುಟ್ಟಿ ಅಷ್ಟೂ ಗೊತ್ತಿಲ್ವ ನಿಂಗೆ?"

ಅವಳು ಒಳಗಿನಿಂದ ಒಂದು ಗಾಜಿನ ಚೂರು ತಂದಳು. ಮರ ನುಣುಪು ಮಾಡಲು ಆಚಾರಿಗಳು ಗಾಜಿನ ಚೂರಿನಿಂದ ಹೆರೆಯುತ್ತಾರೆ. ಅವಳು ಬಾಚಿಯನ್ನು ಅಲ್ಲಾಡದಂತೆ ಹಿಡಿದಳು, ಅವನು ಎಡಗೈಯಲ್ಲಿ ಹೆರೆಯತೊಡಗಿದ. ಚೂರು ಎರಡು ಸಲ ಜಾರಿ ಬಿತ್ತು. ಅರ್ಧ ಗಂಟೆಗೆ ಒಂದು ಬೆರಳಗಲ ವಾರ್ನಿಶು ಎದ್ದಿತು. ಅವತ್ತು ನಾನು ಬಾಚಿಯನ್ನು ಅಲ್ಲೇ ಬಿಟ್ಟು ಬಂದೆ. ಹೇಳಬೇಕಾದದ್ದನ್ನು ಹೇಳಲಿಲ್ಲ. ಮುಂದಿನ ಭಾನುವಾರವೂ ಹೋದೆ, ಅದರ ಮುಂದಿನ ಭಾನುವಾರವೂ ಹೋದೆ. ಅವನು ಹೆರೆಯುತ್ತಿದ್ದ, ನಾನು ಮಾತು ನುಂಗಿಕೊಂಡು ವಾಪಸು ಬರುತ್ತಿದ್ದೆ.

ಆ ಕಾರ್ಡನ್ನು ಈಗ ಕಳಿಸಿದ್ದೇನೆ. ಮೂಲ ಎನ್ನುವ ಕಡೆ ತಮಿಳಿನ ವಾಯ್ಚ್ಚಿ, ಸಂಸ್ಕೃತದ ವಾಶೀ ಎರಡನ್ನೂ ಬರೆದು, ಬಾಚು ಧಾತುವಿಗೆ ಸಂಬಂಧವಿಲ್ಲ ಎಂದು ಸೇರಿಸಿದೆ. ಹೇಳಿದವರು ಎನ್ನುವ ಕಡೆ ಸಿದ್ದಾಚಾರಿ, ಕೌದಳ್ಳಿ ಎಂದು ಬರೆದೆ. ಆದರೆ ಅದಕ್ಕೆ ಮೊದಲು ನಾಲ್ಕನೆಯ ಭಾನುವಾರ ನಡೆದದ್ದನ್ನು ಹೇಳಬೇಕು.

ಅವತ್ತು ನಾನು ಹೋಗುವ ಹೊತ್ತಿಗೆ ಕಾವಿನಲ್ಲಿ ವಾರ್ನಿಶು ಒಂದು ಚೂರೂ ಇರಲಿಲ್ಲ. ಅಪ್ಪನ ಕೈಯಲ್ಲಿ ಇದ್ದಾಗಿನ ಬಣ್ಣ ಮತ್ತೆ ಬಂದಿತ್ತು. ಚಿಕ್ಕಪ್ಪ ಮಂಚ ಬಿಟ್ಟು ಪ್ಲಾಸ್ಟಿಕ್ ಕುರ್ಚಿಯ ಮೇಲೆ ಕೂತಿದ್ದ. ಬಾಚಿ ಎಡಗೈಯಲ್ಲಿತ್ತು. ಅವನ ಹೆಬ್ಬೆರಳು ಅಣ್ಣನ ಹೆಬ್ಬೆರಳಿನ ತಗ್ಗಿನಲ್ಲಿ ಸರಿಯಾಗಿ ಕೂತಿತ್ತು. "ನಂಗೆ ಎಡಗೈ ಬರಕ್ಕಿಲ್ಲ" ಎಂದು ಅವತ್ತು ಅವನು ಕೊಟ್ಟು ಕಳಿಸಿದ್ದ ಬಾಚಿ. ಈಗ ಅವನಿಗೆ ಉಳಿದಿರುವುದು ಎಡಗೈ ಒಂದೇ. ಬೇರೆ ಯಾವ ಬಾಚಿಯ ಕಾವೂ ಅವನ ಆ ಕೈಗೆ ಕೂರುತ್ತಿರಲಿಲ್ಲ. ಆ ಕಾವನ್ನು ಅವತ್ತು ಒಲೆಗೆ ಹಾಕಿದ್ದರೆ ಏನಾಗುತ್ತಿತ್ತು?

ನಮ್ಮಿಬ್ಬರನ್ನೂ ನೋಡಿ ಅವನು ಬಾಚಿಯಿಂದ ಮಂಚದ ಕಾಲು ತೋರಿಸಿದ. ತಲೆದೆಸೆಯ ಕಾಲು. ಭಾಗ್ಯ ಹೋಗಿ ಅಲ್ಲಾಡಿಸಿದಳು. ಕಿರ್ ಎಂದಿತು. ಆಟೋದಲ್ಲಿ ತರುವಾಗ ಸಡಿಲವಾಗಿತ್ತೋ ಏನೋ, ಕಾಲಿಗೂ ಪಟ್ಟಿಗೂ ನಡುವೆ ಸಂದು ಬಿಟ್ಟಿತ್ತು.

"ಅಯ್ಯೋ ನನ್ನಪ್ಪ!" ಎಂದು ಭಾಗ್ಯ ತಲೆ ಚಚ್ಚಿಕೊಂಡಳು. "ಇದ್ಕೆ ಬಡೀತಿದ್ಯ ಇಷ್ಟ್ ದಿನ? ಬೆಣೆ ಆಕ್ಬೇಕು ಅಂತ್ಲ?"

ಚಿಕ್ಕಪ್ಪ ತಲೆಯಾಡಿಸಿದ. ತನ್ನ ಕೈಯಿಂದ ಮಾಡಿದ ಮಂಚ ತನ್ನ ಬೆನ್ನ ಕೆಳಗೇ ಕಿರಗುಟ್ಟುವುದನ್ನು ತಿಂಗಳುಗಟ್ಟಲೆ ಕೇಳಿಕೊಂಡು ಮಲಗಿದ್ದ ಮನುಷ್ಯ. ನಾವು ನೀರು ಕುಡಿಸಿದ್ದೇ ಕುಡಿಸಿದ್ದು.

ಭಾಗ್ಯ ಹಿತ್ತಲಿನಿಂದ ಒಂದು ಕೊರಡನ್ನೂ ಗೇಣುದ್ದದ ಹೊನ್ನೆಮರದ ತುಂಡನ್ನೂ ತಂದಿಟ್ಟಳು. ಆಮೇಲೆ ಹೆದರಿಕೊಂಡಳು. "ಬ್ಯಾಡ ಕಣಪ್ಪ, ಒಂದೇ ಕೈಲಿ ಎಂಗ್ ಕೆತ್ತೀಯ? ಮರ ಯಾರ್ ಇಡ್ಕತಾರೆ?"

ಅವನು ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದ.

ನಾನು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಕೆಳಗೆ ಕೂತೆ. ಮಂಡಿ ನೋಯಿತು, ನೋಯಲಿ. ಮರದ ಕೆಳತುದಿಯನ್ನು ಕೊರಡಿನ ಮೇಲೆ ಊರಿ, ಮೇಲ್ತುದಿಯನ್ನು ಎರಡೂ ಕೈಯಿಂದ ಹಿಡಿದುಕೊಂಡೆ. ಅರವತ್ತು ದಾಟಿದ ಮೇಲೆ ಮೊದಲ ಸಲ ಆ ಕೆಲಸ ನನಗೆ ಸಿಕ್ಕಿತ್ತು. ಬಾಚಿ ಮೇಲೆದ್ದಿತು, ನಡುಗುತ್ತಾ ಇಳಿಯಿತು, ಮರದ ಅಂಚು ಸವರಿ ಕೊರಡಿಗೆ ಕಚ್ಚಿಕೊಂಡಿತು. ನನ್ನ ಬೆರಳಿಗೂ ಅದಕ್ಕೂ ನಾಲ್ಕು ಅಂಗುಲ. ಭಾಗ್ಯ ಕಣ್ಣು ಮುಚ್ಚಿಕೊಂಡಳು. ಎರಡನೆಯ ಏಟಿಗೆ ಒಂದು ಚಕ್ಕೆ ಹಾರಿತು, ತೆಳ್ಳಗಿನದು, ಒಳಗೆ ಕೆಂಪು.

ಕೈ ಎರಡೂ ಮರದ ಮೇಲೆ ಕಟ್ಟಿಬಿದ್ದಿದ್ದವು, ಎದ್ದು ಓಡುವ ಹಾಗಿರಲಿಲ್ಲ. ಆಗ ಬಂತು ಬಾಯಿಗೆ.

"ಚಿಕ್ಕಪ್ಪ" ಅಂದೆ. "ಅವತ್ತು ಕಾಲೇಜಿನಲ್ಲಿ ನೀನು ಹೇಳಿದ್ದೇ ಸರಿ. ಅಜ್ಜಿ ಮಾತೇ ಸರಿ. ನಂಗೆ ಮರುವಾರವೇ ಗೊತ್ತಾಯ್ತು. ಗೊತ್ತಾಗಿಯೂ ಬಂದು ಹೇಳಲಿಲ್ಲ, ಇಷ್ಟು ವರ್ಷ. ನನ್ನದು ತಪ್ಪಾಯ್ತು. ಅಷ್ಟು ಜನರ ಮುಂದೆ ನಿನ್ನ..."

ಕೈ ಸಡಿಲವಾಗಿ ಮರ ಕೊರಡಿನ ಮೇಲೆ ವಾಲಿತು. ಎತ್ತಿದ ಬಾಚಿ ಅಲ್ಲೇ ನಿಂತಿತು. ಚಿಕ್ಕಪ್ಪ ನನ್ನ ಮುಖ ನೋಡಿದ, ವಾಲಿದ ಮರವನ್ನು ನೋಡಿದ. ಅವನ ಬಾಯಿ ಎಡಕ್ಕೆ ಎಳೆಯಿತು, ತುಟಿ ಒಂದೆರಡು ಸಲ ಸುಮ್ಮನೆ ಅಲುಗಿತು. ಆಮೇಲೆ, ಚಪ್ಪರದಲ್ಲಿ ಕೂತು ಗದರುತ್ತಿದ್ದ ಅದೇ ಗತ್ತಿನಲ್ಲಿ, ತೊದಲುತ್ತಾ, ಒಂದೊಂದೇ ಅಕ್ಷರ ಎತ್ತಿ ಇಟ್ಟ.

"ಕೂ... ಸೇ. ಮರ... ನೆಟ್ಗೆ... ಇಡ್ಕ."

ಭಾಗ್ಯ ಹೋ ಎಂದು ಅಳುತ್ತಾ ಹೊರಗೆ ಓಡಿದಳು. ನಾನು ಮರವನ್ನು ನೆಟ್ಟಗೆ ಹಿಡಿದುಕೊಂಡೆ. ಕಣ್ಣು ಒರೆಸಿಕೊಳ್ಳಲು ಕೈಗೆ ಬಿಡುವಿರಲಿಲ್ಲ.